ಧ್ರುವದ ಇರುಳಿನಲ್ಲಿ ‘ಹಿಮಾದ್ರಿ’

ವರ್ಷದ ಅತಿ ಚಿಕ್ಕ ದಿನದಲ್ಲೂ ತುರ್ವಿಹಾಳದ ಹೊಲಗಳಿಗೆ ಹನ್ನೊಂದು ತಾಸಿನ ಹಗಲು ತಪ್ಪದು. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿರುವ ನ್ಯೂ-ಓಲೆಸುಂಡ್‌ನಲ್ಲಿ ಹಾಗಲ್ಲ. ಅಲ್ಲಿ ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಮುಖ ತೋರುವುದು ಫೆಬ್ರುವರಿಯಲ್ಲಿ. ಉತ್ತರ ಧ್ರುವಕ್ಕೆ ಸುಮಾರು 1,200 ಕಿ.ಮೀ. ದೂರದ ಈ ಊರಿನಲ್ಲಿ 2008ರ ಜುಲೈಯಲ್ಲಿ ಭಾರತದ ಸಂಶೋಧನಾ ಕೇಂದ್ರ ‘ಹಿಮಾದ್ರಿ’ ಆರಂಭವಾಯಿತು.

ನ್ಯೂ-ಓಲೆಸುಂಡ್ ಮೊದಲು ಕಲ್ಲಿದ್ದಲು ಗಣಿಯ ಊರು. 1962ರ ಸ್ಫೋಟದಲ್ಲಿ 21 ಮಂದಿ ಸತ್ತ ಮೇಲೆ ಗಣಿ ನಿಂತಿತು. ಬಳಿಕ ವಿಜ್ಞಾನಿಗಳು ಬಂದರು. ಊರಿನ ಗಡಿ ದಾಟುವವರು ಹಿಮಕರಡಿಯ ಭಯಕ್ಕೆ ಬಂದೂಕು ಒಯ್ಯಬೇಕು. ವೈ-ಫೈ, ಬ್ಲೂಟೂತ್ ಬಳಸುವಂತಿಲ್ಲ, ಅಲ್ಲಿನ ಸೂಕ್ಷ್ಮ ಆಂಟೆನಾಗಳಿಗೆ ಅವು ಅಡ್ಡಿ.

ಹಿಮಾದ್ರಿಯಲ್ಲಿ ಹದಿನೈದು ವರ್ಷ ನಡೆದದ್ದು ಬಹುಮಟ್ಟಿಗೆ ಬೇಸಿಗೆಯ ಕೆಲಸ. ಮುಂಗಾರಿನ ಮಳೆಯನ್ನಷ್ಟೇ ಬರೆದಿಟ್ಟು ಹಿಂಗಾರು ಬಿಟ್ಟರೆ ವರ್ಷದ ಲೆಕ್ಕ ಹೇಗೆ ಸಿಕ್ಕೀತು? ಕೊನೆಗೂ 2023ರ ಡಿಸೆಂಬರ್ 18ರಂದು ನಾಲ್ವರ ತಂಡ ದೆಹಲಿಯಿಂದ ಹೊರಟಿತು. ಅಲ್ಲಿಂದ ಮುಂದೆ ಕೇಂದ್ರವನ್ನು ವರ್ಷವಿಡೀ ನಡೆಸುವ ನಿರ್ಧಾರವೂ ಆಯಿತು. ಈ ಮೊದಲ ಚಳಿಗಾಲದ ತಂಡದಲ್ಲಿ ಒಬ್ಬರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಿ.ಎಸ್. ಗಿರೀಶ್.

ರಾಮನ್ ಸಂಸ್ಥೆಗೆ ಹಿಮದ ನಾಡಿನಲ್ಲಿ ಏನು ಕೆಲಸ? ಅದಕ್ಕೆ ಬೇಕಾದದ್ದು ಮೌನ. ಬ್ರಹ್ಮಾಂಡದ ಮೊದಲ ನಕ್ಷತ್ರಗಳು ಬೆಳಗಿದ ಕಾಲದಲ್ಲಿ ಎಲ್ಲೆಡೆ ಜಲಜನಕ ತುಂಬಿತ್ತು. ಅದು 21 ಸೆಂಟಿಮೀಟರ್ ಉದ್ದದ ರೇಡಿಯೊ ತರಂಗದಲ್ಲಿ ತನ್ನ ಗುರುತು ಬಿಡುತ್ತದೆ. ಬ್ರಹ್ಮಾಂಡ ಹಿಗ್ಗಿದಂತೆ ತರಂಗವೂ ಹಿಗ್ಗಿ, ಇಂದು ನಮಗೆ ತಲುಪುವಾಗ ಹತ್ತಾರು ಮೆಗಾಹರ್ಟ್ಜ್‌ಗೆ ಇಳಿದಿರುತ್ತದೆ. ಅದು ನಮ್ಮ ಎಫ್‌ಎಂ ಹಾಡುಗಳ (88ರಿಂದ 108) ನೆರೆಹೊರೆ! ಆಕಾಶಗಂಗೆಯ ಸ್ವಂತ ಗದ್ದಲವೇ ಈ ಸಂಕೇತಕ್ಕಿಂತ ಸಾವಿರಾರು ಪಟ್ಟು ಜೋರು. ಅದರ ಮೇಲೆ ನಮ್ಮ ಹಾಡೂ ಸೇರಿದರೆ ಕೇಳುವ ಮಾತೇ ಇಲ್ಲ.

ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಉಪಕರಣವಿಟ್ಟ ಅಮೆರಿಕದ ವಿಜ್ಞಾನಿಗಳು 78 ಮೆಗಾಹರ್ಟ್ಜ್ ಬಳಿ ಈ ಗುರುತು ಸಿಕ್ಕಿತೆಂದು 2018ರಲ್ಲಿ ಸಾರಿದರು. ಅದನ್ನು ಪರೀಕ್ಷಿಸಲು ರಾಮನ್ ಸಂಸ್ಥೆ 2020ರಲ್ಲಿ ತನ್ನ ‘ಸರಸ್’ ದೂರದರ್ಶಕವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೆಪ್ಪದ ಮೇಲೆ ತೇಲಿಬಿಟ್ಟಿತು. ನೆಲದೊಳಗಿನ ಪದರಗಳು ತರಂಗವನ್ನು ಒಂದೊಂದು ಬಗೆಯಲ್ಲಿ ಹಿಂದಿರುಗಿಸಿ ಅಳತೆ ಕೆಡಿಸುತ್ತವೆ. ನೀರಿಗೆ ಆ ದೋಷ ಕಡಿಮೆ. 2022ರಲ್ಲಿ ಪ್ರಕಟವಾದ ಫಲಿತಾಂಶ ವಿದೇಶೀಯರ ದಾವೆಯನ್ನು ಒಪ್ಪಲಿಲ್ಲ. ಕೆರೆಯ ನೀರಿನ ಮೇಲೆ ಕುಳಿತು ಜಗತ್ತಿನ ಸುದ್ದಿಯನ್ನು ತಳ್ಳಿಹಾಕಿದ್ದು ಸಣ್ಣ ಕೆಲಸವೇನಲ್ಲ.

ಒಂದು ಸುದ್ದಿ ಬಿದ್ದುಹೋಯಿತು, ನಿಜವಾದ ಸಂಕೇತ ಇನ್ನೂ ಸಿಗಬೇಕು. ಅದಕ್ಕೆ ಕೆರೆಗಿಂತಲೂ ನಿಶ್ಶಬ್ದವಾದ ತಾಣ ಬೇಕು. ನಾರ್ವೆ 2017ರಲ್ಲೇ ರಾಷ್ಟ್ರೀಯ ಎಫ್‌ಎಂ ಪ್ರಸಾರ ನಿಲ್ಲಿಸಿದೆ. ಸ್ವಾಲ್ಬಾರ್ಡ್‌ನಲ್ಲಿ ಜನವೂ ವಿರಳ. ಆ ದೀರ್ಘ ಇರುಳಿನಲ್ಲಿ ಗಿರೀಶ್ ಅವರ ಪಾಲಿನ ಕೆಲಸ ನಕ್ಷತ್ರ ಹುಡುಕುವುದಾಗಿರಲಿಲ್ಲ. ಅಲ್ಲಿ ಎಷ್ಟು ಗದ್ದಲವಿದೆ ಎಂದು ಅಳೆಯುವುದಾಗಿತ್ತು.