ಕೈಯಾರೆ ವಿಜ್ಞಾನ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಪ್ರಾಥಮಿಕ ಶಾಲೆಗಳ ಹಿನ್ನೆಲೆಯಲ್ಲಿ

ಪ್ರಾಥಮಿಕ ಶಾಲೆಯ ವಿಜ್ಞಾನ ಬೋಧನೆಯಲ್ಲಿ ‘ಪ್ರಯೋಗ’ ಎಂಬ ಪದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಶಿಕ್ಷಕರು ಮೇಜಿನ ಮೇಲೆ ಮಾಡಿ ತೋರಿಸುವುದು ಒಂದು. ಮಗು ಕೈಯಾರೆ ಮಾಡಿ ನೋಡುವುದು ಇನ್ನೊಂದು. ಎರಡನೆಯದರಲ್ಲಿ ಫಲಿತಾಂಶವು ಪುಸ್ತಕದಲ್ಲಿದ್ದಂತೆ ಬರಬಹುದು, ಬಾರದೆಯೂ ಇರಬಹುದು. ಬಾರದಿದ್ದಾಗ ಮಗು ತಾನು ಕಂಡದ್ದನ್ನು ಬರೆಯುತ್ತದೆಯೋ, ಪುಸ್ತಕ ಹೇಳಿದ್ದನ್ನು ಬರೆಯುತ್ತದೆಯೋ ಎಂಬುದೇ ವಿಜ್ಞಾನ ಶಿಕ್ಷಣದ ನಿಜವಾದ ಪರೀಕ್ಷೆ. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಮಳೆ, ಬಿಸಿಲು, ಕಲ್ಲುಗಳು ಈ ಪರೀಕ್ಷೆಯನ್ನು ಮತ್ತೆ ಮತ್ತೆ ಮುಂದಿಡುತ್ತವೆ.

ಈ ಚಿಂತನೆಗೆ ದೀರ್ಘವಾದ ಹಿನ್ನೆಲೆಯಿದೆ. ನೆರೆಯ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ೧೯೩೦ರ ದಶಕದಲ್ಲಿಯೇ ‘ಬಾಲಪ್ರಪಂಚ’ದ ಮೂಲಕ ಲೋಕಜ್ಞಾನವನ್ನು ಕನ್ನಡದ ಮಕ್ಕಳಿಗೆ ತಲುಪಿಸಿದರು. ೧೯೭೨ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ೧೬ ಶಾಲೆಗಳಲ್ಲಿ ಆರಂಭವಾಗಿ ೨೦೦೨ರವರೆಗೆ ನಡೆದ ಕಾರ್ಯಕ್ರಮವು ಪ್ರಯೋಗವನ್ನೇ ಪಾಠದ ಕೇಂದ್ರವಾಗಿಸಿತು. ೧೯೮೦ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲವಿಜ್ಞಾನ’ ಮಾಸಪತ್ರಿಕೆಯನ್ನು ಪ್ರಕಟಿಸಿತು. ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂಬುದು ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮಾರ್ಗದರ್ಶಿ ತತ್ತ್ವಗಳಲ್ಲೊಂದು.

ಬಾಚಣಿಗೆ ಮತ್ತು ಕಾಗದದ ಚೂರು

ತಲೆಗೂದಲಿಗೆ ಉಜ್ಜಿದ ಪ್ಲಾಸ್ಟಿಕ್ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುತ್ತದೆಂಬುದು ಎಲ್ಲರೂ ಬಲ್ಲ ಪ್ರಯೋಗ. ಕರಾವಳಿಯ ಜುಲೈ ತಿಂಗಳಿನಲ್ಲಿ ಅದು ಬಹುತೇಕ ಕೈಕೊಡುತ್ತದೆ. ತೇವಭರಿತ ಹವೆಯಲ್ಲಿ ವಸ್ತುಗಳ ಮೇಲ್ಮೈಯಲ್ಲಿ ನೀರಿನ ತೆಳು ಪೊರೆ ಕಟ್ಟಿಕೊಂಡು, ಉಜ್ಜಿದಾಗ ಉಂಟಾದ ವಿದ್ಯುದಾವೇಶ ಅದರ ಮೂಲಕ ಸೋರಿಹೋಗುತ್ತದೆ. ಕೂದಲಿಗೆ ಎಣ್ಣೆ ಹಚ್ಚಿದ್ದರೆ ಅದೂ ಅಡ್ಡಿಯೇ. ಇಲ್ಲಿ ‘ಪ್ರಯೋಗ ವಿಫಲ’ ಎಂದು ಮುಂದೆ ಸಾಗುವ ಬದಲು, ಅದೇ ಬಾಚಣಿಗೆಯನ್ನು ಜನವರಿಯ ಒಣಹವೆಯಲ್ಲಿ ಪುನಃ ಉಜ್ಜಿ ಎರಡು ಫಲಿತಾಂಶಗಳನ್ನೂ ದಾಖಲಿಸಿದರೆ, ವಿದ್ಯುದಾವೇಶದೊಂದಿಗೆ ಹವೆಯ ತೇವವೂ ಪಾಠವಾಗುತ್ತದೆ.

ಕೋಲು ಮತ್ತು ನೆರಳು

ಅಂಗಳದಲ್ಲಿ ನೇರವಾಗಿ ನೆಟ್ಟ ಕೋಲಿನ ನೆರಳು ಮಧ್ಯಾಹ್ನ ೧೨ಕ್ಕೆ ಅತ್ಯಂತ ಗಿಡ್ಡವಾಗಿರುತ್ತದೆಂದು ಮಕ್ಕಳು ನಿರೀಕ್ಷಿಸುತ್ತಾರೆ. ಹದಿನೈದು ನಿಮಿಷಕ್ಕೊಮ್ಮೆ ಗುರುತು ಹಾಕಿದರೆ ಡಿಸೆಂಬರ್ ಕೊನೆಯಲ್ಲಿ ಆ ಹೊತ್ತು ೧೨.೩೦ರ ಆಸುಪಾಸಿಗೆ ಬೀಳುತ್ತದೆ. ಭಾರತೀಯ ಕಾಲಮಾನವು ೮೨.೫ ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದೆ. ಈ ತಾಲೂಕುಗಳಿರುವುದು ಸುಮಾರು ೭೫ ಡಿಗ್ರಿಯಲ್ಲಿ. ಏಳೂವರೆ ಡಿಗ್ರಿಗಳ ಅಂತರವೆಂದರೆ ಅರ್ಧ ಗಂಟೆ. ಸುಮಾರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಇಲ್ಲಿ ಏಪ್ರಿಲ್ ಕೊನೆಯ ವಾರ ಹಾಗೂ ಆಗಸ್ಟ್ ಮೂರನೆಯ ವಾರ ಸೂರ್ಯನು ನೆತ್ತಿಯ ಮೇಲೆಯೇ ಹಾಯುತ್ತಾನೆ. ಮೊದಲನೆಯದು ಬೇಸಿಗೆ ರಜೆಯಲ್ಲಿ, ಎರಡನೆಯದು ಮಳೆಮೋಡದ ಮರೆಯಲ್ಲಿ ಕಳೆದುಹೋಗುವುದರಿಂದ ನೆರಳಿಲ್ಲದ ಮಧ್ಯಾಹ್ನವನ್ನು ಶಾಲೆಯಲ್ಲಿ ಕಾಣುವುದು ಅಪರೂಪ. ಆದರೆ ಶಾಲೆ ತೆರೆದ ಹೊಸತರಲ್ಲಿ ಬಿಸಿಲು ಬಿದ್ದರೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೂ, ಡಿಸೆಂಬರಿನಲ್ಲಿ ಉತ್ತರಕ್ಕೂ ಚಾಚುವುದನ್ನು ಮಕ್ಕಳೇ ಅಳೆಯಬಹುದು.

ಮುರಕಲ್ಲು ಮತ್ತು ಮಳೆ

ಕಲ್ಲು ನೀರನ್ನು ಹೀರುವುದಿಲ್ಲವೆಂಬುದು ಸಾಮಾನ್ಯ ನಂಬಿಕೆ. ಒಣಗಿದ ಮುರಕಲ್ಲಿನ ತುಂಡೊಂದನ್ನು ನೀರಿಗಿಳಿಸಿದಾಗ ಗುಳ್ಳೆಗಳೇಳುತ್ತವೆ. ತಕ್ಕಡಿಯಲ್ಲಿ ಮೊದಲೂ ಅನಂತರವೂ ತೂಗಿದರೆ ತೂಕ ಏರಿರುತ್ತದೆ. ಗ್ರಾನೈಟ್ ಚೂರಿನಲ್ಲಿ ಈ ವ್ಯತ್ಯಾಸ ಕಾಣುವುದೇ ಕಷ್ಟ. ಮೂಡುಬಿದಿರೆಯಲ್ಲಿ ೧೪೩೦ರಲ್ಲಿ ನಿರ್ಮಾಣವಾದ ಸಾವಿರ ಕಂಬದ ಬಸದಿಯ ಶಿಲೆಯನ್ನೂ ಮನೆಯ ಮುರಕಲ್ಲಿನ ಗೋಡೆಯನ್ನೂ ಕಂಡ ಮಗುವಿಗೆ ‘ಕಲ್ಲು’ ಎಂಬ ಒಂದೇ ಪದದೊಳಗಿನ ಭೇದ ಆಗ ಸ್ಪಷ್ಟವಾಗುತ್ತದೆ.

ನೇರ ಬದಿಗಳುಳ್ಳ ಡಬ್ಬಿಯೇ ಮಳೆಮಾಪಕ. ಮರ, ಮಾಡುಗಳಿಂದ ದೂರವಿರಿಸಿದರೆ ಅಗಲ ಬಾಯಿಯ ಡಬ್ಬಿಯಲ್ಲೂ ಕಿರಿದಾದ ಡಬ್ಬಿಯಲ್ಲೂ ನೀರಿನ ಎತ್ತರ ಒಂದೇ ಆಗಿರುವುದು ಮಕ್ಕಳಿಗೆ ಅಚ್ಚರಿ ತರುತ್ತದೆ. ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಘಟ್ಟದ ಬುಡದ ಬೆಳ್ತಂಗಡಿ, ನೇತ್ರಾವತಿ ದಂಡೆಯ ಬಂಟ್ವಾಳ, ಮೂಡುಬಿದಿರೆ ಈ ಮೂರೂ ಕಡೆಯ ಶಾಲೆಗಳ ಅಂಕಿಗಳು ಒಂದೇ ದಿನ ಬೇರೆಬೇರೆ ಬರಬಹುದು. ಸರಿಯಾಗಿ ಅಳೆದಿದ್ದರೆ ಮೂರೂ ಸತ್ಯವೇ.

ಮಾತು ಮತ್ತು ಮೌಲ್ಯಮಾಪನ

ಇಲ್ಲಿನ ಅನೇಕ ಮಕ್ಕಳ ಮನೆಮಾತು ತುಳು, ಬ್ಯಾರಿ ಅಥವಾ ಕೊಂಕಣಿ. ಮಳೆಯನ್ನು ‘ಬರ್ಸ’ ಎಂದೇ ಬಲ್ಲ ಮಗು ತನ್ನ ಮಾತಿನಲ್ಲಿ ಕಂಡದ್ದನ್ನು ಮೊದಲು ಹೇಳಿ, ಬಳಿಕ ಕನ್ನಡದಲ್ಲಿ ಬರೆಯಲು ಅವಕಾಶವಿರಬೇಕು. ಟಿಪ್ಪಣಿ ಪುಸ್ತಕದಲ್ಲಿ ‘ಏನಾಗಬಹುದೆಂದು ಎಣಿಸಿದ್ದು’, ‘ಏನಾಯಿತು’ ಎಂಬ ಎರಡು ಕಲಮುಗಳು ಸಾಕು. ಎರಡೂ ಹೊಂದದಿದ್ದಾಗ ಅಂಕ ಕಳೆಯುವ ಪದ್ಧತಿಯಿದ್ದರೆ ಮಗು ಬಹುಬೇಗ ಎರಡನೆಯ ಕಲಮನ್ನು ತಿದ್ದಿ ಬರೆಯಲು ಕಲಿಯುತ್ತದೆ. ಆ ಕಲಿಕೆಯನ್ನು ಮುಂದೆ ಯಾವ ಸುಸಜ್ಜಿತ ಪ್ರಯೋಗಾಲಯವೂ ಸುಲಭವಾಗಿ ಅಳಿಸಲಾರದು. ಆದುದರಿಂದ ಈ ಪ್ರದೇಶದ ಶಾಲೆಗಳಿಗೆ ದುಬಾರಿ ಸಲಕರಣೆಗಳಿಗಿಂತ ಮೊದಲು ಬೇಕಾದುದು ಊರಿನ ಋತುಮಾನಕ್ಕೆ ಹೊಂದಿಸಿದ ಪ್ರಯೋಗಗಳ ಪಟ್ಟಿ ಮತ್ತು ಕಂಡದ್ದನ್ನು ಕಂಡಂತೆ ಬರೆದ ಮಗುವಿಗೆ ಪೂರ್ಣ ಮನ್ನಣೆ.