ಸ್ಕ್ರೂಡ್ರೈವರ್ ಹಿಡಿದೇ ನುಡಿಸುವ ವಾದ್ಯ

ಕೆನಡಾದ ಕ್ಯಾಲ್ಗರಿ ನಗರದ ನ್ಯಾಷನಲ್ ಮ್ಯೂಸಿಕ್ ಸೆಂಟರ್‌ನಲ್ಲಿ ಟಾಂಟೊ ಎಂಬ ವಾದ್ಯವಿದೆ. ಆಳೆತ್ತರದ ಕಪಾಟುಗಳು ಕಮಾನಿನಂತೆ ಬಾಗಿ ಅರ್ಧಚಂದ್ರಾಕಾರವಾಗಿ ನಿಂತಿವೆ. ನುಡಿಸುವವರು ಅವುಗಳ ನಡುವೆ ನಿಂತು ನುಡಿಸಬೇಕು. ತೂಕ ಸುಮಾರು ಒಂದು ಟನ್. ಮಾಲ್ಕಮ್ ಸೆಸಿಲ್ ಮತ್ತು ರಾಬರ್ಟ್ ಮಾರ್ಗೊಲೆಫ್ ನ್ಯೂಯಾರ್ಕಿನ ಒಂದು ಸ್ಟುಡಿಯೊದಲ್ಲಿ ಮೋಗ್ ಮಾಡ್ಯುಲರ್ ಸಿಂಥಸೈಜರ್ ಒಂದರಿಂದ ಶುರುಮಾಡಿ, ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಜೋಡಿಸುತ್ತಾ ಹೋಗಿ ಇಷ್ಟು ದೊಡ್ಡದು ಮಾಡಿದರು. 1971ರಲ್ಲಿ ಸ್ಟೀವಿ ವಂಡರ್ ಇದನ್ನು ಹುಡುಕಿಕೊಂಡು ಬಂದರು. ‘ಟಾಕಿಂಗ್ ಬುಕ್’ (1972), ‘ಇನ್ನರ್‌ವಿಷನ್ಸ್’ (1973) ಆಲ್ಬಂಗಳಲ್ಲಿ ಕೇಳಿಸುವ ಆ ದಪ್ಪನೆಯ, ಜೀವಂತ ಮಂದ್ರ ಸ್ವರಗಳು ಹುಟ್ಟಿದ್ದು ಈ ಕಪಾಟುಗಳಲ್ಲೇ.

2013ರಲ್ಲಿ ಮ್ಯೂಸಿಕ್ ಸೆಂಟರ್ ಟಾಂಟೊವನ್ನು ಕೊಂಡುಕೊಂಡಿತು. ಅದು ಮತ್ತೆ ಸಾರ್ವಜನಿಕರ ಮುಂದೆ ನುಡಿದದ್ದು 2018ರಲ್ಲಿ. ನಡುವಿನ ಆ ವರ್ಷಗಳ ಕೆಲಸದ ಹಿಂದೆ ಇದ್ದವರು ಅಲ್ಲಿನ ತಂತ್ರಜ್ಞ ಜಾನ್ ಲೀಮ್‌ಸೈಡರ್. ವಾದ್ಯ ಸಿದ್ಧವಾದ ವರ್ಷವೇ ಅವರು ತೀರಿಕೊಂಡರು. ಸ್ಟೀವಿ ವಂಡರ್ ಹೆಸರು ಜಗತ್ತಿಗೆ ಗೊತ್ತು. ಸೆಸಿಲ್, ಮಾರ್ಗೊಲೆಫ್ ಇಬ್ಬರಿಗೂ ‘ಇನ್ನರ್‌ವಿಷನ್ಸ್’ನ ಧ್ವನಿಮುದ್ರಣಕ್ಕೆ ಗ್ರ್ಯಾಮಿ ಬಂತು. ಲೀಮ್‌ಸೈಡರ್ ಹೆಸರನ್ನು ಅದೇ ಸಾಲಿನಲ್ಲಿ ಬರೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅನಲಾಗ್ ಮಾಡ್ಯುಲರ್ ಸಿಂಥಸೈಜರ್ ವಿಷಯದಲ್ಲಿ ನುಡಿಸುವುದು, ದುರಸ್ತಿ ಮಾಡುವುದು ಎರಡು ಕೆಲಸಗಳಲ್ಲ. ಯಂತ್ರದ ಒಳಗೆ ಏನು ನಡೆಯುತ್ತದೆ ಎಂದು ನೋಡಿದರೆ ಇದು ತಾನಾಗಿಯೇ ತಿಳಿಯುತ್ತದೆ.

ಸಾಮಾನ್ಯ ಕೀಬೋರ್ಡ್‌ನಲ್ಲಿ ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ಕೊಳಲು. ಮಾಡ್ಯುಲರ್‌ನಲ್ಲಿ ಅಂಥ ಸಿದ್ಧ ಧ್ವನಿ ಯಾವುದೂ ಇರುವುದಿಲ್ಲ. ಸ್ವರ ಹುಟ್ಟಿಸುವ ಆಸಿಲೇಟರ್ ಒಂದು ಪೆಟ್ಟಿಗೆ, ಅದರ ಮೊನಚನ್ನು ಸೋಸುವ ಫಿಲ್ಟರ್ ಇನ್ನೊಂದು, ಧ್ವನಿ ಹೇಗೆ ಏರಿ ಹೇಗೆ ಇಳಿಯಬೇಕು ಎಂದು ಹೇಳುವ ಎನ್ವಲಪ್ ಮತ್ತೊಂದು. ಇವುಗಳ ನಡುವೆ ವೈರು ಚುಚ್ಚಿ ಸಂಬಂಧ ಕಲ್ಪಿಸುವುದು ನುಡಿಸುವವರ ಕೆಲಸ. ವೈರು ಕಿತ್ತರೆ ಆ ಧ್ವನಿ ಹೋಯಿತು. ನಾಳೆ ಅದೇ ಬೇಕೆಂದರೆ ಮತ್ತೆ ಕಟ್ಟಬೇಕು, ಕಟ್ಟಿದರೂ ಅದೇ ಬಂದೀತೆಂಬ ಖಾತರಿಯಿಲ್ಲ. 1964ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ರಾಬರ್ಟ್ ಮೋಗ್, ಸಂಗೀತಗಾರ ಹರ್ಬರ್ಟ್ ಡಾಯ್ಚ್ ಜೊತೆಗೂಡಿ ಇಂಥ ಯಂತ್ರದ ಮೊದಲ ಮಾದರಿ ಮಾಡಿದರು. ಸರಿಸುಮಾರು ಅದೇ ಕಾಲಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಬುಕ್ಲಾ ತಮ್ಮದೇ ದಾರಿಯಲ್ಲಿ ಹೊರಟಿದ್ದರು. ಪೆಟ್ಟಿಗೆಗಳು ತಮ್ಮತಮ್ಮಲ್ಲಿ ಮಾತಾಡಲು ಮೋಗ್ ಆರಿಸಿಕೊಂಡ ನಿಯಮ ಇವತ್ತಿಗೂ ನಡೆಯುತ್ತಿದೆ: ಒಂದು ವೋಲ್ಟ್ ಹೆಚ್ಚಿಸಿದರೆ ಸ್ವರ ಒಂದು ಸ್ಥಾಯಿ ಮೇಲೇರಬೇಕು.

ಕಷ್ಟವೂ ಇದೇ ನಿಯಮದಲ್ಲಿದೆ. ಸ್ಥಾಯಿ ಏರುವುದೆಂದರೆ ಕಂಪನಾಂಕ ದುಪ್ಪಟ್ಟಾಗುವುದು. ವೋಲ್ಟೇಜ್ ಒಂದೊಂದೇ ಮೆಟ್ಟಿಲು ಹತ್ತುವಾಗ ಕರೆಂಟ್ ಎರಡು, ನಾಲ್ಕು, ಎಂಟು ಪಟ್ಟು ಹೆಚ್ಚಬೇಕು. ಟ್ರಾನ್ಸಿಸ್ಟರ್‌ನ ಸ್ವಭಾವವೇ ಹಾಗಿದೆ. ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಅದಕ್ಕೆ ಸುಮಾರು 18 ಮಿಲಿವೋಲ್ಟ್ ಹೆಚ್ಚು ಕೊಟ್ಟರೆ ಕರೆಂಟ್ ದುಪ್ಪಟ್ಟಾಗುತ್ತದೆ. ಆದರೆ ಆ 18 ಎನ್ನುವ ಸಂಖ್ಯೆ ಉಷ್ಣತೆಯ ಜೊತೆ ಬದಲಾಗುತ್ತದೆ, ಒಂದು ಡಿಗ್ರಿಗೆ ಸುಮಾರು 0.33 ಶೇಕಡಾದಷ್ಟು. ಕಾಗದದ ಮೇಲೆ ಇದು ಏನೂ ಅಲ್ಲ. ಸಂಗೀತದಲ್ಲಿ ಲೆಕ್ಕ ಹಾಕಿ ನೋಡಿ. ಸ್ಥಾಯಿಯೊಂದಕ್ಕೆ 1200 ಸೆಂಟ್. ಒಂದು ಡಿಗ್ರಿ ಏರಿದರೆ ಅದರಲ್ಲಿ ನಾಲ್ಕು ಸೆಂಟ್ ವ್ಯತ್ಯಾಸ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ಅಂತರವಿದ್ದರೆ ನಲವತ್ತು ಸೆಂಟ್, ಎರಡು ಸ್ಥಾಯಿ ದಾಟುವ ಹೊತ್ತಿಗೆ ಎಂಬತ್ತು. ಅಂದರೆ ಹೆಚ್ಚು ಕಡಿಮೆ ಅರ್ಧ ಸ್ವರವೇ ಜಾರಿಹೋಯಿತು.

ಇದನ್ನು ತಡೆಯಲು ವಿನ್ಯಾಸಕಾರರು ಎರಡು ಉಪಾಯ ಮಾಡಿದರು. ಒಂದೇ ಗುಣದ ಎರಡು ಟ್ರಾನ್ಸಿಸ್ಟರ್‌ಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ, ಒಂದರ ಏರುಪೇರನ್ನು ಇನ್ನೊಂದು ಸರಿದೂಗಿಸುವಂತೆ ಮಾಡುವುದು ಮೊದಲನೆಯದು. ಎರಡನೆಯದು, ಬಿಸಿಯಾದಂತೆ ತಾನೂ ಅಷ್ಟೇ ಪ್ರಮಾಣದಲ್ಲಿ ಬದಲಾಗುವ ವಿಶೇಷ ರೆಸಿಸ್ಟರ್ ಒಂದನ್ನು ಆ ಜೋಡಿಗೆ ತಾಗಿಸಿ ಕೂರಿಸುವುದು. ತಂತ್ರಜ್ಞರು ಇದನ್ನು ‘ಟೆಂಪ್ಕೋ’ ಎನ್ನುತ್ತಾರೆ. ಎರಡೂ ಸೇರಿದರೂ ಜಾರುವಿಕೆ ಪೂರ್ತಿ ನಿಲ್ಲುವುದಿಲ್ಲ, ಸಹಿಸುವ ಮಟ್ಟಕ್ಕೆ ಬರುತ್ತದೆ. 1968ರಲ್ಲಿ ಸಂಗೀತಗಾರ್ತಿ ವೆಂಡಿ ಕಾರ್ಲೋಸ್ ‘ಸ್ವಿಚ್ಡ್ ಆನ್ ಬಾಖ್’ ಮಾಡಿದಾಗ ಮೋಗ್ ಒಮ್ಮೆಗೆ ಒಂದೇ ಸ್ವರ ನುಡಿಸುತ್ತಿತ್ತು, ಅದೂ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಒಂದು ಸಣ್ಣ ತುಣುಕು ನುಡಿಸುವುದು, ಶ್ರುತಿ ನೋಡುವುದು, ಸರಿಮಾಡುವುದು, ಮತ್ತೆ ನುಡಿಸುವುದು. ಹೀಗೆ ಪದರದ ಮೇಲೆ ಪದರ ಪೇರಿಸಿ ಕಟ್ಟಿದ ಬಾಖ್ ಅದು. ಆ ಆಲ್ಬಂ ಕೇಳುವಾಗಲೆಲ್ಲ ನನಗೆ ಸಂಗೀತದಷ್ಟೇ ಆ ತಾಳ್ಮೆಯೂ ಕೇಳಿಸುತ್ತದೆ.

ಆಸಿಲೇಟರ್ ಒಂದನ್ನು ಶ್ರುತಿಗೆ ತರುವ ಕೆಲಸವನ್ನು ಹತ್ತಿರದಿಂದ ನೋಡೋಣ. ಮೊದಲು ಯಂತ್ರ ಆನ್ ಮಾಡಿ ಅರ್ಧ ಗಂಟೆ ಸುಮ್ಮನೆ ಬಿಡಬೇಕು, ಒಳಗಿನ ಬಿಸಿ ಒಂದು ಹದಕ್ಕೆ ಬರಲಿ. ಫ್ಯಾನ್ ಆರಿಸಬೇಕು, ಕಿಟಕಿ ಮುಚ್ಚಬೇಕು. ಬೋರ್ಡಿನ ಮೇಲೆ ಪುಟ್ಟ ನೀಲಿ ಪೆಟ್ಟಿಗೆಯಂಥ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಇರುತ್ತದೆ, ತಲೆಯಲ್ಲಿ ಹಿತ್ತಾಳೆಯ ಸಣ್ಣ ಸ್ಕ್ರೂ. ಕೀಬೋರ್ಡ್‌ನಿಂದ ಕೆಳಗಿನ ಸ್ವರ ಹಿಡಿದು, ಸ್ಥಿರವಾದ ಇನ್ನೊಂದು ಧ್ವನಿಯ ಜೊತೆ ಬೆರೆಸಿ ಕೇಳಬೇಕು. ಎರಡೂ ಹತ್ತಿರ ಬಂದಾಗ ವಾವ್-ವಾವ್ ಎಂಬ ಅಲೆ ಏಳುತ್ತದೆ. ಇನ್ನೂ ಹತ್ತಿರವಾದಂತೆ ಅಲೆ ನಿಧಾನವಾಗಿ ಕೊನೆಗೆ ನಿಂತುಬಿಡುತ್ತದೆ. ತಂಬೂರಿಯ ಬಿರಡೆ ತಿರುಗಿಸಿ, ಜೀವಾಳದ ದಾರ ಸರಿಸಿ ಶ್ರುತಿ ಕೂಡಿಸುವವರ ಕಿವಿಯೇ ಇಲ್ಲೂ ಬೇಕು. ಈಗ ಒಂದು ಸ್ಥಾಯಿ ಮೇಲಕ್ಕೆ ಹೋಗಿ. ಅಲ್ಲಿ ಅಲೆ ಮತ್ತೆ ಎದ್ದಿರುತ್ತದೆ. ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದರೆ ಮೇಲಿನದು ಸರಿಹೋಗುತ್ತದೆ, ಆದರೆ ಕೆಳಗಿನ ಸ್ವರ ಜಾಗ ಬಿಟ್ಟಿರುತ್ತದೆ. ಕೆಳಗೆ ಬಂದು ಅದನ್ನು ಸರಿಮಾಡಿ, ಮತ್ತೆ ಮೇಲೆ. ಹೀಗೆ ಹೋಗಿಬಂದು ಮಾಡುತ್ತಾ ಎರಡೂ ಕಡೆ ಅಲೆ ನಿಲ್ಲುವವರೆಗೆ. ಆಮೇಲೆ ಮೂರು, ನಾಲ್ಕನೆಯ ಸ್ಥಾಯಿ. ನಡುವೆ ಅಪ್ಪಿತಪ್ಪಿ ಆ ಟ್ರಾನ್ಸಿಸ್ಟರ್ ಜೋಡಿಗೆ ಬೆರಳು ತಾಗಿತೋ, ಮೈಯ ಬಿಸಿಗೇ ಸ್ವರ ಜಾರುವುದು ಕಿವಿಗೆ ಕೇಳುತ್ತದೆ. ಆಗ ಕೈತೆಗೆದು ಕಾಯುವುದೊಂದೇ ದಾರಿ.

ಕಂಪ್ಯೂಟರಿನೊಳಗೆ ಇದೇ ಯಂತ್ರದ ಪಡಿಯಚ್ಚು ಸಿಗುತ್ತದೆ, ಬೆಲೆಯೂ ಕಡಿಮೆ, ಶ್ರುತಿ ತಪ್ಪುವುದಿಲ್ಲ. ಅವುಗಳಿಂದ ಒಳ್ಳೆಯ ಸಂಗೀತವೂ ಬರುತ್ತಿದೆ. ಆದರೂ ಎರಡು ನಿಜವಾದ ಆಸಿಲೇಟರ್‌ಗಳು ಒಂದೇ ಸ್ವರದಲ್ಲಿ ನಿಂತು ಒಂದನ್ನೊಂದು ಮೆಲ್ಲಗೆ ಬಿಟ್ಟು ಹಿಡಿಯುವಾಗ ಹುಟ್ಟುವ ಚಲನೆಗೆ ನಾನು ಸೋತಿದ್ದೇನೆ. ಅಭ್ಯಾಸವಾದ ಕಿವಿಗೆ ಅದು ದೋಷವಾಗಿ ಕೇಳುವುದಿಲ್ಲ, ಉಸಿರಾಟವಾಗಿ ಕೇಳುತ್ತದೆ. ದೋಷ ಎಲ್ಲಿ ಮುಗಿದು ಉಸಿರಾಟ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತುಮಾಡುವುದು ಸ್ಕ್ರೂಡ್ರೈವರ್ ಹಿಡಿದವರ ಕೈ.

ಶ್ರುತಿಯ ಮಾತು ಬಿಟ್ಟರೆ ಉಳಿದದ್ದು ಹಳೆ ರೇಡಿಯೊ ರಿಪೇರಿಯವರಿಗೆಲ್ಲ ಗೊತ್ತಿರುವ ಮುಪ್ಪಿನ ರೋಗಗಳು. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಳಗೇ ಒಣಗುತ್ತವೆ; ಸುತ್ತಲಿನ ಬಿಸಿ ಹತ್ತು ಡಿಗ್ರಿ ಹೆಚ್ಚಾದರೆ ಅವುಗಳ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಸ್ಥೂಲ ಲೆಕ್ಕ. ಪವರ್ ಸಪ್ಲೈನಲ್ಲಿ ಅವು ಸೋತಾಗ ಎಲ್ಲ ಧ್ವನಿಯ ಅಡಿಯಲ್ಲೂ ಗುಂಯ್‌ ಎಂಬ ಗುಂಗು ಕೇಳುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಆ ಗುಂಗು 100 ಹರ್ಟ್ಸ್‌ನಲ್ಲಿರುತ್ತದೆ. ತಿರುಗಿಸುವ ಗುಂಡಿಗಳು ಧೂಳು ಹಿಡಿದು ಗರಗರ ಎನ್ನುತ್ತವೆ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ನಾಲ್ಕಾರು ಬಾರಿ ಆಚೀಚೆ ತಿರುಗಿಸಿದರೆ ಬಹಳಷ್ಟು ಸಲ ಸರಿಹೋಗುತ್ತವೆ. ವೈರು ಚುಚ್ಚುವ ಸಾಕೆಟ್‌ಗಳ ನಾಲಿಗೆ ಸಡಿಲವಾಗುತ್ತದೆ, ಕರಾವಳಿಯ ಹವೆಯಲ್ಲಿ ಬೇಗ ಕಿಲುಬು ಹಿಡಿಯುತ್ತದೆ. ಧ್ವನಿ ಇದ್ದಕ್ಕಿದ್ದಂತೆ ನಿಂತರೆ ಮೊದಲು ಅನುಮಾನಿಸಬೇಕಾದದ್ದು ಮಾಡ್ಯೂಲನ್ನಲ್ಲ, ವೈರನ್ನು. ಪ್ಲಗ್ಗಿನ ಕುತ್ತಿಗೆಯಲ್ಲಿ ಎಳೆ ತುಂಡಾಗಿರುತ್ತದೆ.

ಇವತ್ತು ಮನೆಗಳಲ್ಲಿ ಕಾಣುವ ಮಾಡ್ಯುಲರ್ ಹೆಚ್ಚಾಗಿ ಯೂರೋರ‍್ಯಾಕ್ ಮಾದರಿಯದು. 1990ರ ದಶಕದ ಮಧ್ಯಭಾಗದಲ್ಲಿ ಜರ್ಮನಿಯ ಡೀಟರ್ ಡೋಪ್‌ಫರ್ ರೂಪಿಸಿದ ಅಳತೆ: ಫಲಕದ ಎತ್ತರ 128.5 ಮಿ.ಮೀ., ಅಗಲ 5.08 ಮಿ.ಮೀ.ಗಳ ಗುಣಕದಲ್ಲಿ, ಸಾಕೆಟ್‌ಗಳು 3.5 ಮಿ.ಮೀ. ಅಳತೆ ಒಂದೇ ಆದ್ದರಿಂದ ನೂರಾರು ಸಣ್ಣ ತಯಾರಕರ ಮಾಡ್ಯೂಲ್‌ಗಳು ಒಂದೇ ಚೌಕಟ್ಟಿನಲ್ಲಿ ಕೂರುತ್ತವೆ. ಇಲ್ಲಿ ಹೊಸಬರು ಎದುರಿಸುವ ದೊಡ್ಡ ಅಪಾಯ ಮಾಡ್ಯೂಲಿಗೆ ಕರೆಂಟ್ ತರುವ ಹಿಂಬದಿಯ ರಿಬ್ಬನ್ ಕೇಬಲ್. ಅದರ ಒಂದು ಅಂಚಿನಲ್ಲಿ ಕೆಂಪು ಗೆರೆ ಇರುತ್ತದೆ. ಕೆಂಪು ಕಂಡೊಡನೆ ಪ್ಲಸ್ ಎಂದುಕೊಳ್ಳುವುದು ಸಹಜ. ಯೂರೋರ‍್ಯಾಕ್‌ನಲ್ಲಿ ಅದು ಮೈನಸ್ 12 ವೋಲ್ಟ್. ತಿರುಗುಮುರುಗಾಗಿ ಚುಚ್ಚಿದರೆ, ರಕ್ಷಣೆಯ ಡಯೋಡ್ ಇಲ್ಲದ ಮಾಡ್ಯೂಲಿನ ಐಸಿ ಕ್ಷಣದಲ್ಲಿ ಸುಡುತ್ತದೆ. ಪ್ರತಿ ಮಾಡ್ಯೂಲೂ ಎಷ್ಟು ಮಿಲಿಆಂಪ್ ಎಳೆಯುತ್ತದೆ ಎಂದು ಕೂಡಿ, ಪವರ್ ಸಪ್ಲೈ ಕೊಡುವುದಕ್ಕಿಂತ ಕಾಲುಭಾಗವಾದರೂ ಕೆಳಗಿರುವಂತೆ ನೋಡಿಕೊಳ್ಳಬೇಕು. ಹಣವೆಲ್ಲ ಮಿನುಗುವ ಫಲಕಗಳಿಗೆ ಸುರಿದು ಪವರ್ ಸಪ್ಲೈ ವಿಷಯದಲ್ಲಿ ಕೈ ಬಿಗಿಹಿಡಿಯುವುದು ಸರಿಯಲ್ಲ. ಶ್ರುತಿ ನಿಲ್ಲುವುದೂ ಆ 12 ವೋಲ್ಟ್ ಅಲುಗಾಡದೆ ನಿಂತಾಗ ಮಾತ್ರ.

ಬಿಡಿಭಾಗಗಳದು ಇನ್ನೊಂದು ಚಿಂತೆ. ಆಸಿಲೇಟರಿನ ಇಡೀ ಸರ್ಕ್ಯೂಟನ್ನು ಒಂದೇ ಚಿಪ್ಪಿನಲ್ಲಿ ಅಡಗಿಸಿದ ಸಿಇಎಂ 3340 ಎಂಬುದನ್ನು ಡಗ್ ಕರ್ಟಿಸ್ ವಿನ್ಯಾಸ ಮಾಡಿದ್ದರು. 1980ರ ಆಸುಪಾಸಿನ ಎಷ್ಟೋ ಹೆಸರಾಂತ ಸಿಂಥಸೈಜರ್‌ಗಳ ಹೃದಯ ಅದೇ. ತಯಾರಿಕೆ ನಿಂತ ಮೇಲೆ ಒಂದು ಚಿಪ್ ಸತ್ತರೆ ಇನ್ನೊಂದು ಹಳೆ ಯಂತ್ರದಿಂದ ಕಿತ್ತು ತರಬೇಕಾಗಿತ್ತು. 2016ರಲ್ಲಿ ಅದರ ತಯಾರಿಕೆ ಮತ್ತೆ ಶುರುವಾಯಿತು. ಲಾಟ್ವಿಯಾದಲ್ಲಿ ಅದರ ತದ್ರೂಪಿ ಚಿಪ್ಪೂ ತಯಾರಾಗುತ್ತಿದೆ. ಬೇಡಿಕೆ ಇಟ್ಟು ಇದನ್ನು ಮರಳಿ ತರಿಸಿದ್ದು ಈ ವಾದ್ಯಗಳನ್ನು ಬಿಡದೆ ಇಟ್ಟುಕೊಂಡ ಜನರೇ.

ನಮ್ಮ ದೇಶದ ಒಂದು ಮೋಗ್‌ನ ಕಥೆ ಹೇಳದೆ ಹೋದರೆ ಈ ಬರಹ ಅಪೂರ್ಣ. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ಗೆ (ಎನ್‌ಐಡಿ) ಬಂದು ಮೋಗ್ ಮಾಡ್ಯುಲರ್ ಸಮೇತ ಒಂದು ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೊ ಕಟ್ಟಿಕೊಟ್ಟರು. ಬೀಟಲ್ಸ್ ‘ಆ್ಯಬಿ ರೋಡ್’ನಲ್ಲಿ ಮೋಗ್ ಬಳಸಿದ ವರ್ಷವೇ ಅದು. ಪಖಾವಾಜ್ ವಾದಕಿ, 1940ರ ದಶಕದಲ್ಲಿ ಅಮೆರಿಕದ ಸಂಯೋಜಕ ಜಾನ್ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟಿದ್ದ ಗೀತಾ ಸಾರಾಭಾಯ್, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಅಲ್ಲಿ ಕೆಲಸ ಮಾಡಿದರು. ಕೆಲವೇ ವರ್ಷಗಳಲ್ಲಿ ಸ್ಟುಡಿಯೊ ಮೌನವಾಯಿತು. ದಶಕಗಳ ನಂತರ ಬ್ರಿಟನ್ನಿನ ಕಲಾವಿದ ಪಾಲ್ ಪುರ್ಗಾಸ್ ಎನ್‌ಐಡಿ ಸಂಗ್ರಹದಲ್ಲಿ ಆ ಕಾಲದ ಟೇಪ್ ಸುರುಳಿಗಳನ್ನು ಕಂಡರು. ಅವುಗಳಿಂದ ಆಯ್ದ ಧ್ವನಿಮುದ್ರಣಗಳು 2023ರಲ್ಲಿ ‘ದಿ ಎನ್‌ಐಡಿ ಟೇಪ್ಸ್’ ಎಂಬ ಆಲ್ಬಂ ಆಗಿ ಹೊರಬಂದವು. ಕೇಳಿ ನೋಡಿ: ಐವತ್ತು ವರ್ಷಗಳ ಹಿಂದೆ ನಮ್ಮವರು ಈ ಯಂತ್ರದ ಎದುರು ಎಷ್ಟು ಧೈರ್ಯವಾಗಿ ಕೂತಿದ್ದರು ಎಂದು ಹೆಮ್ಮೆಯಾಗುತ್ತದೆ. ಜೊತೆಗೇ ನನಗೆ ಸಂಕಟವೂ ಆಗುತ್ತದೆ. ಕ್ಯಾಲ್ಗರಿಯಲ್ಲಿ ಟಾಂಟೊಗೆ ಒಬ್ಬ ಲೀಮ್‌ಸೈಡರ್ ಸಿಕ್ಕರು, ಸಂಬಳ ಕೊಟ್ಟು ಅವರನ್ನು ಇಟ್ಟುಕೊಳ್ಳುವ ಸಂಸ್ಥೆ ಸಿಕ್ಕಿತು. ಇವತ್ತು ಸಂಗೀತಗಾರರು ಅಲ್ಲಿಗೆ ಹೋಗಿ ಅದನ್ನು ಬಳಸಬಹುದು. ವಾದ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದಕ್ಕಿಂತ ಹೀಗೆ ಬಳಸುತ್ತಾ ಸವೆಸಿ, ಸವೆದದ್ದನ್ನು ಸರಿಮಾಡುವುದೇ ಸರಿಯಾದ ಸಂರಕ್ಷಣೆ.

ದುರಸ್ತಿಯ ಕೈಗಳು ನಮ್ಮಲ್ಲಿ ಇಲ್ಲವೆಂದಲ್ಲ. ವಿದ್ವಾಂಸರ ಕಛೇರಿಯಲ್ಲಿ ಕೂರುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಮನೆಮಾತು ಮಾಡಿದವರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಮುಖ್ಯರು. ಅವರು ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಮಲ್ಟಿಮೀಟರ್, ಸಾಲ್ಡರಿಂಗ್ ಐರನ್, ಪ್ರಿಸೆಟ್, ಕೆಪಾಸಿಟರ್ ಎಲ್ಲ ಸಿಗುತ್ತವೆ. ವಿಶೇಷ ಚಿಪ್ಪುಗಳನ್ನಷ್ಟೇ ಹೊರದೇಶದಿಂದ ತರಿಸಬೇಕು.

ಆಸಕ್ತಿಯಿದ್ದವರು ಸಿದ್ಧ ಯಂತ್ರ ಕೊಳ್ಳುವ ಮೊದಲು ಒಂದು ಆಸಿಲೇಟರ್ ಕಿಟ್ ತರಿಸಿಕೊಂಡು ತಾವೇ ಬೆಸುಗೆ ಹಾಕಿ ನೋಡಲಿ ಎಂಬುದು ನನ್ನ ಸಲಹೆ. ರೇ ವಿಲ್ಸನ್ ಎಂಬ ಅಮೆರಿಕದ ಎಂಜಿನಿಯರ್ ತಮ್ಮ ಸರ್ಕ್ಯೂಟ್‌ಗಳನ್ನು ವರ್ಷಗಟ್ಟಲೆ ಉಚಿತವಾಗಿ ಹಂಚಿದರು. ಈಗ ಮೊರಿಟ್ಜ್ ಕ್ಲೈನ್ ಮತ್ತು ಲಾಟ್ವಿಯಾದ ಎರಿಕಾ ಸಿಂಥ್ಸ್ ಸೇರಿ ತಂದಿರುವ ಕಿಟ್‌ಗಳ ಕೈಪಿಡಿಯಲ್ಲಿ ಪ್ರತಿ ರೆಸಿಸ್ಟರ್ ಅಲ್ಲಿ ಯಾಕಿದೆ ಎಂಬ ವಿವರಣೆ ಇರುತ್ತದೆ. ಕಟ್ಟಿ ಮುಗಿಸಿದವರು ಬೋರ್ಡಿನ ಸರ್ಕ್ಯೂಟ್ ಚಿತ್ರವನ್ನು ಒಂದು ಪುಸ್ತಕಕ್ಕೆ ಅಂಟಿಸಿ, ಯಾವ ದಿನ ಯಾವ ಪ್ರಿಸೆಟ್ ತಿರುಗಿಸಿದೆವು, ಅಂದು ಕೋಣೆಯ ಉಷ್ಣತೆ ಎಷ್ಟಿತ್ತು, ಯಾವ ಕೆಪಾಸಿಟರ್ ಬದಲಾಯಿಸಿದೆವು ಎಂದು ಬರೆದಿಡಬೇಕು. ಹಳೆಯ ಮಾಡ್ಯುಲರ್ ಕೊಳ್ಳಲು ಹೋದಾಗಲೂ ಮೊದಲು ಕೇಳಬೇಕಾದದ್ದು ಅಂಥದೊಂದು ಪುಸ್ತಕ ಇದೆಯೇ ಎಂದು. ಆಮೇಲೆ ಅರ್ಧ ಗಂಟೆ ಕಾಯಿಸಿ, ನಾಲ್ಕು ಸ್ಥಾಯಿ ನುಡಿಸಿ ಕೇಳಿ ಬೆಲೆ ಮಾತಾಡಬಹುದು.