ಪುಟ್ಟ ಪರದೆ ಹೇಳುವ ಸತ್ಯದ ಪರೀಕ್ಷೆ

ಬಿಟ್‌ಕಾಯಿನ್‌ನಂತಹ ಡಿಜಿಟಲ್ ಹಣದ ಒಡೆತನವು ಖಾಸಗಿ ಕೀಲಿ ಎನ್ನಲಾಗುವ ಒಂದು ಗುಪ್ತ ಸಂಖ್ಯೆಯನ್ನೇ ಅವಲಂಬಿಸಿರುವುದರಿಂದ, ಅದನ್ನು ಅಂತರಜಾಲಕ್ಕೆ ತೆರೆದುಕೊಂಡ ಕಂಪ್ಯೂಟರಿನಲ್ಲಿ ಇರಿಸದೆ, ಹಾರ್ಡ್‌ವೇರ್ ವಾಲೆಟ್ ಎಂಬ ಪ್ರತ್ಯೇಕ ಸಾಧನದಲ್ಲಿ ಕಾಪಾಡುವ ಪದ್ಧತಿ ಬೆಳೆದುಬಂದಿದೆ. ಪ್ರಾಗ್ ನಗರದ ಸತೋಶಿಲ್ಯಾಬ್ಸ್ ಸಂಸ್ಥೆ 2014ರಲ್ಲಿ ಮಾರುಕಟ್ಟೆಗೆ ತಂದ ಟ್ರೆಜರ್ ಇಂತಹ ಸಾಧನಗಳಲ್ಲಿ ಹೆಸರುವಾಸಿಯಾದುದು. ಅದನ್ನು ನಡೆಸುವ ಒಳ ತಂತ್ರಾಂಶ, ಅಂದರೆ ಫರ್ಮ್‌ವೇರ್, ಎಲ್ಲರಿಗೂ ತೆರೆದಿರುವುದರಿಂದ ಅದರ ಪರೀಕ್ಷೆಗಳನ್ನೂ ಯಾರು ಬೇಕಾದರೂ ಓದಬಹುದು, ಓಡಿಸಿಯೂ ನೋಡಬಹುದು.

ಬಿಡಿ ಭಾಗಗಳು ಸರಿಯಿದ್ದ ಮಾತ್ರಕ್ಕೆ ಇಡೀ ಸಾಧನ ಸರಿಯಿದೆ ಎನ್ನಲಾಗದು. ಆದ್ದರಿಂದಲೇ ಕಂಪ್ಯೂಟರಿನ ಕೋರಿಕೆ, ಪರದೆಯ ವಿವರ, ಬಳಕೆದಾರರ ಒಪ್ಪಿಗೆ, ಖಾಸಗಿ ಕೀಲಿಯಿಂದ ಹಾಕುವ ಕೊನೆಯ ಸಹಿ ಇವೆಲ್ಲವನ್ನೂ ಒಟ್ಟಾಗಿ ಪರಿಶೀಲಿಸುವ ಇಂಟಿಗ್ರೇಷನ್ ಪರೀಕ್ಷೆಗಳು ಬೇಕಾಗುತ್ತವೆ. ಇವು ಬಹುಮಟ್ಟಿಗೆ ನಡೆಯುವುದು ಸಾಧನವನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಎಮ್ಯುಲೇಟರ್ ಮೇಲೆ. ಪೈಟೆಸ್ಟ್ ಎಂಬ ಪೈಥಾನ್ ಉಪಕರಣವು ಪರೀಕ್ಷೆಗಳನ್ನು ಒಂದೊಂದಾಗಿ ಓಡಿಸಿದರೆ, ಡೀಬಗ್‌ಲಿಂಕ್ ಎಂಬ ಮಾರ್ಗವು ಮನುಷ್ಯನ ಬದಲಿಗೆ ಗುಂಡಿ ಒತ್ತುತ್ತದೆ, ಪರದೆಯನ್ನೂ ಓದುತ್ತದೆ. ಗ್ರಾಹಕರ ಕೈಸೇರುವ ಫರ್ಮ್‌ವೇರ್‌ನಲ್ಲಿ ಈ ಮಾರ್ಗ ಇರುವುದಿಲ್ಲ, ಇರಲೂಬಾರದು.

ಪ್ರತಿ ಪರೀಕ್ಷೆಗೂ ಆರಂಭಸ್ಥಿತಿ ಒಂದೇ ಆಗಿರಬೇಕಾದ್ದರಿಂದ, ‘ಆಲ್’ ಎಂಬ ಪದವನ್ನು 12 ಬಾರಿ ಬರೆದು ರೂಪಿಸಿದ, ಜಗತ್ತಿಗೆಲ್ಲ ತಿಳಿದಿರುವ ಬೀಜಪದಗುಚ್ಛವನ್ನು, ಅಂದರೆ ಕೀಲಿಗಳನ್ನು ಹುಟ್ಟಿಸುವ ಪದಗಳ ಸಾಲನ್ನು, ಸಾಮಾನ್ಯವಾಗಿ ಬಳಸಲಾಗುತ್ತದೆ. ಕೀಲಿಯೂ ವಹಿವಾಟೂ ಬದಲಾಗದಿದ್ದರೆ ಸಹಿಯೂ ಬದಲಾಗದಂತೆ ಲೆಕ್ಕಾಚಾರ ರೂಪಿಸಿರುವುದರಿಂದ, ದೊರೆತ ಸಹಿಯನ್ನು ಮೊದಲೇ ಬರೆದಿಟ್ಟ ಉತ್ತರದೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಬಹುದು. ಪರದೆಯ ಚಿತ್ರಗಳನ್ನೂ ಹಾಗೆಯೇ ಹಳೆಯ ಚಿತ್ರಗಳೊಂದಿಗೆ ತಾಳೆ ನೋಡಲಾಗುತ್ತದೆ. ಒಂದು ಚುಕ್ಕೆ ಬದಲಾದರೂ ಮನುಷ್ಯರೊಬ್ಬರು ಅದನ್ನು ಕಂಡು ಒಪ್ಪಬೇಕು. ಬಳಕೆದಾರರು ನಂಬುವುದು ಪರದೆಯನ್ನೇ ಆದುದರಿಂದ ಈ ಕಟ್ಟುನಿಟ್ಟು ಅತಿಯಲ್ಲ.

ಆದರೂ ಸಾಧನ ‘ಒಲ್ಲೆ’ ಎನ್ನುವುದನ್ನು ಪರೀಕ್ಷಿಸುವುದೇ ಹೆಚ್ಚು ಮುಖ್ಯ. ಸಾಧನದ ಸ್ಮರಣೆ ಕಿರಿದಾದ್ದರಿಂದ ಅದು ವಹಿವಾಟಿನ ವಿವರಗಳನ್ನು ಕಂಪ್ಯೂಟರಿನಿಂದ ತುಂಡುತುಂಡಾಗಿ, ಒಂದಕ್ಕಿಂತ ಹೆಚ್ಚು ಸಲ ಕೇಳಿ ಪಡೆಯುತ್ತದೆ. ಮೊದಲ ಸಲ ಒಂದು ಮೊತ್ತ ತೋರಿಸಿ ಎರಡನೆಯ ಸಲ ಬೇರೊಂದನ್ನು ಕೊಡುವ ವಂಚಕನ ಪಾತ್ರವನ್ನು ಪರೀಕ್ಷೆಯೇ ವಹಿಸಿ, ಸಾಧನ ಸಹಿಗೆ ನಿರಾಕರಿಸುತ್ತದೆಯೇ ಎಂದು ನೋಡುತ್ತದೆ. 2020ರಲ್ಲಿ ಬೆಳಕಿಗೆ ಬಂದ ದೋಷವೊಂದು ಇನ್ನೂ ಸೂಕ್ಷ್ಮವಾಗಿತ್ತು: ಸೆಗ್‌ವಿಟ್ ಎಂಬ ಹೊಸ ಮಾದರಿಯ ವಹಿವಾಟಿನಲ್ಲಿ ಮೊತ್ತವೂ ಸಹಿಯೊಳಗೆ ಸೇರುವುದರಿಂದ ಸುಳ್ಳು ಮೊತ್ತದ ಸಹಿ ತಾನಾಗಿಯೇ ನಿರುಪಯುಕ್ತವಾಗುತ್ತದೆಂದು ಭಾವಿಸಲಾಗಿತ್ತು, ಆದರೆ ಒಂದೇ ವಹಿವಾಟಿಗೆ ಬೇರೆ ಬೇರೆ ಸುಳ್ಳು ಹೇಳಿ ಎರಡು ಬಾರಿ ಒಪ್ಪಿಗೆ ಪಡೆದ ವಂಚಕ ತಂತ್ರಾಂಶವು ಎರಡರಿಂದಲೂ ಸಿಂಧುವಾದ ಸಹಿಗಳನ್ನಷ್ಟೇ ಹೆಕ್ಕಿ ಜೋಡಿಸಿ, ಭಾರಿ ಶುಲ್ಕ ತೆರುವ ವಹಿವಾಟನ್ನು ಸೃಷ್ಟಿಸಬಹುದಿತ್ತು. ಬಿಡಿಯಾಗಿ ನೋಡಿದರೆ ಸಾಧನದ ಯಾವ ಹೆಜ್ಜೆಯೂ ತಪ್ಪಿರಲಿಲ್ಲ. ಹಣ ಬಂದ ಹಿಂದಿನ ವಹಿವಾಟುಗಳನ್ನೂ ಪೂರ್ತಿಯಾಗಿ ಕೇಳಿ ಮೊತ್ತವನ್ನು ತಾನೇ ಖಚಿತಪಡಿಸಿಕೊಳ್ಳುವಂತೆ ಟ್ರೆಜರ್ ಫರ್ಮ್‌ವೇರ್ ಅನ್ನು ತಿದ್ದಲಾಯಿತು. ಆ ವಿವರಗಳನ್ನು ಕಳುಹಿಸದಿದ್ದ ಕೆಲವು ಬೇರೆ ತಂತ್ರಾಂಶಗಳು ಸಾಧನದೊಂದಿಗೆ ಕೆಲಸ ಮಾಡುವುದನ್ನೇ ನಿಲ್ಲಿಸಿದವು.